ಮೊಮ್ಮಗಳ ಗಾಡಿಗೆ ಸ್ಟಿಯರಿಂಗ್ ಮಾಡಿದ್ದು: ನನ್ನ ಅನುಭವ

ಕ್ಯಾತ್ಸಂದ್ರದಲ್ಲಿ ನಮ್ಮ ಮನೆಯಿಂದ ಮುಖ್ಯರಸ್ತೆಗೆ ಹೋಗಬೇಕಾದರೆ ಮೂರು ಕಡೆ ಚರಂಡಿಯ ಚಪ್ಪಡಿ ದಾಟಬೇಕು. ಚಪ್ಪಡಿಗಳ ನಡುವೆ ಎರಡು ಬೆರಳು ಇಳಿಯುವಷ್ಟು ಸಂದು. ಬಾಣಂತನಕ್ಕೆ ಬಂದ ಮಗಳು, ಕೂಸಿಗೆ ಏಳು ತಿಂಗಳಾದ ಮೇಲೆ, ಅಳಿಯಂದಿರು ತಂದುಕೊಟ್ಟ ಸ್ಟ್ರೋಲರ್‌ನಲ್ಲಿ ಅದನ್ನು ಕೂರಿಸಿಕೊಂಡು ಸಂಜೆ ಹೊರಗೆ ಹೋಗುತ್ತಿದ್ದಳು. ಒಂದು ದಿನ ಮುಂದಿನ ಪುಟ್ಟ ಗಾಲಿ ಆ ಸಂದಿನಲ್ಲಿ ಅಡ್ಡ ತಿರುಗಿ ಸಿಕ್ಕಿಕೊಂಡಿತು. ಗಾಡಿ ಥಟ್ಟನೆ ನಿಂತಿತು, ಮಗಳು ಹಿಡಿಯ ಮೇಲೆಯೇ ಮುಗ್ಗರಿಸಿದಳು. ಬೆಲ್ಟ್ ಕಟ್ಟಿದ್ದರಿಂದ ಕೂಸಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಕಲಿತವನು. ಗಾಲಿ, ಅಚ್ಚು, ಬೇರಿಂಗ್ ನನಗೆ ಹೊಸದಲ್ಲ. ಬೆಳಿಗ್ಗೆ ಆ ಸ್ಟ್ರೋಲರ್ ಅನ್ನು ಮಗುಚಿ ಹಾಕಿ ನೋಡಿದೆ. ಅದರಲ್ಲಿ ದೋಷವೇನೂ ಇರಲಿಲ್ಲ. ಅದು ನಮ್ಮ ಬೀದಿಗಾಗಿ ಹುಟ್ಟಿದ್ದಲ್ಲ, ಅಷ್ಟೆ. ಕೊಡೆಯಂತೆ ಮಡಚುವ ಈ ಬಗೆಯ ಗಾಡಿಯನ್ನು 1965ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಓವನ್ ಮ್ಯಾಕ್ಲಾರೆನ್ ಎಂಬ ವಿಮಾನ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ನೆಲಗಾಲಿಗಳ ವಿನ್ಯಾಸದಲ್ಲಿ ಕೆಲಸ ಮಾಡಿದ್ದವರು. ಹಗುರ, ಮಡಚಲು ಸುಲಭ ಎಂಬುದೇ ಅದರ ಗುಣ, ಅದಕ್ಕಾಗಿಯೇ ಗಾಲಿ ಸಣ್ಣದು. ಅದಕ್ಕೂ ಹಿಂದಿನ ಹಳೆಯ ಇಂಗ್ಲಿಷ್ ಪ್ರ್ಯಾಮ್‌ಗಳಿಗೆ ದೊಡ್ಡ ಗಾಲಿಗಳಿದ್ದವು, ಆದರೆ ಅವು ಎಡಬಲಕ್ಕೆ ತಿರುಗುತ್ತಿರಲಿಲ್ಲ. ಹಿಡಿಯನ್ನು ಕೆಳಗೆ ಒತ್ತಿ, ಮುಂಭಾಗವನ್ನು ಎತ್ತಿ, ಗಾಡಿಯನ್ನೇ ಹೊರಳಿಸಬೇಕಿತ್ತು. ನನಗೆ ಬೇಕಾದದ್ದು ದೊಡ್ಡ ಗಾಲಿ, ಜೊತೆಗೆ ಒಂದೇ ಕೈಯಲ್ಲಿ ತಿರುಗುವ ಗುಣ.

ಒಂದೇ ಕೈ ಎಂಬ ಮಾತು ನನ್ನದಲ್ಲ, ಮಗಳದು. ನಾನು ಮೊದಲು ಯೋಚಿಸಿದ್ದು ಸೈಕಲ್ ಹ್ಯಾಂಡಲ್‌ನಂತೆ ತಿರುಗಿಸುವ ಹಿಡಿ, ಅದರಿಂದ ಬ್ರೇಕ್ ಕೇಬಲ್ ಎಳೆದು ಮುಂದಿನ ಅಚ್ಚಿಗೆ ಕಟ್ಟುವುದು. ಮುಂದಿನ ಇಡೀ ಅಚ್ಚು ನಡುವಿನ ಒಂದು ಬೋಲ್ಟಿನ ಮೇಲೆ ತಿರುಗಬೇಕು, ಹಳೆಯ ಕುದುರೆ ಸಾರೋಟಿನಲ್ಲಿದ್ದಂತೆ. ಹದಿನೈದು ದಿನ ಕೂತು ಮಾಡಿದೆ. ಕೂಸಿನ ಜಾಗದಲ್ಲಿ ಹತ್ತು ಕಿಲೋ ರಾಗಿಯ ಚೀಲವನ್ನು ಬೆಲ್ಟ್ ಹಾಕಿ ಕಟ್ಟಿ ಮಗಳ ಕೈಗೆ ಕೊಟ್ಟೆ.

ಅವಳು ಹತ್ತು ಹೆಜ್ಜೆ ನಡೆದು ನಿಂತಳು. “ಅಪ್ಪ, ಇನ್ನೊಂದು ಕೈಯಲ್ಲಿ ನನಗೆ ಕೊಡೆ ಇರುತ್ತದೆ, ಇಲ್ಲವೇ ತರಕಾರಿ ಚೀಲ ಇರುತ್ತದೆ. ಒಂದು ಕೈಯಲ್ಲಿ ತಳ್ಳಿದರೆ ಹಿಡಿ ತಾನೇ ತಿರುಗಿಬಿಡುತ್ತದೆ” ಎಂದಳು.

ಸರಿಯಾದ ಮಾತು. ಹಿಡಿಯ ಒಂದು ತುದಿಯಲ್ಲಿ ತಳ್ಳಿದರೆ ತಳ್ಳುವ ಬಲವೇ ಅದನ್ನು ತಿರುಗಿಸುತ್ತದೆ. ಹಾಗಾದರೆ ಗಾಡಿ ನೇರ ಹೋಗುವುದು ಹೇಗೆ? ಇದಕ್ಕಿಂತ ದೊಡ್ಡ ತೊಂದರೆ ಆಮೇಲೆ ಕಂಡಿತು. ಎಡಗಾಲಿ ಒಂದು ಜಲ್ಲಿ ಕಲ್ಲಿಗೆ ತಗುಲಿದರೆ ಅಚ್ಚು ಪೂರ್ತಿ ಎಡಕ್ಕೆ ಹೊರಳಿ, ಹಿಡಿ ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಅಚ್ಚು ಹೆಚ್ಚು ತಿರುಗಿದಾಗ ಒಳಬದಿಯ ಗಾಲಿ ಗಾಡಿಯ ಅಡಿಗೆ ಸರಿದು, ಆ ಬದಿಯ ಆಧಾರ ಕಿರಿದಾಗುತ್ತಿತ್ತು. ರಾಗಿಯ ಚೀಲ ಎರಡು ಸಲ ಮಗುಚಿತು. ಎರಡನೆಯ ಸಲ ಮಗುಚಿದಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಏನೂ ಅನ್ನದೆ ಒಳಗೆ ಹೋದಳು. ಅದನ್ನು ಮರುದಿನವೇ ಬಿಚ್ಚಿ ಹಾಕಿದೆ.

ಕಲ್ಲು ಯಾಕೆ ಗಾಡಿಯನ್ನು ತಿರುಗಿಸುತ್ತದೆ ಎಂದು ನನಗೆ ಅರ್ಥವಾದದ್ದು ರಥವನ್ನು ನೆನೆದಾಗ. ಜಾತ್ರೆಯಲ್ಲಿ ನೋಡಿದವರಿಗೆ ಗೊತ್ತು, ರಥಕ್ಕೆ ಸ್ಟಿಯರಿಂಗ್ ಎಂಬುದಿಲ್ಲ. ಗಾಲಿಗಳು ನೇರವಾಗಿಯೇ ಇರುತ್ತವೆ. ಮರದ ದಿಮ್ಮಿ ಹಿಡಿದವರು ಒಂದು ಬದಿಯ ಗಾಲಿಗೆ ಅಡ್ಡ ಕೊಡುತ್ತಾರೆ. ಆ ಗಾಲಿ ತಡೆಯುತ್ತದೆ, ಇನ್ನೊಂದು ಬದಿ ಮುಂದೆ ಹೋಗುತ್ತದೆ, ಅಷ್ಟು ದೊಡ್ಡ ರಥ ತಡೆದ ಕಡೆಗೆ ಮುಖ ಮಾಡುತ್ತದೆ. ರಥವನ್ನು ತಿರುಗಿಸುವ ಆ ಉಪಾಯವೇ ನನ್ನ ಗಾಡಿಗೆ ರೋಗವಾಗಿತ್ತು. ಕಲ್ಲು ಗಾಲಿಯನ್ನು ತಡೆಯುವ ಜಾಗಕ್ಕೂ ಗಾಲಿ ತಿರುಗುವ ಕೀಲಿಗೂ ನಡುವೆ ಅಡ್ಡಲಾಗಿ ಎಷ್ಟು ದೂರವಿದೆಯೋ ಅಷ್ಟು ಉದ್ದದ ಸನ್ನೆಗೋಲು ಕಲ್ಲಿನ ಕೈಗೆ ಸಿಕ್ಕಂತೆ. ನಡುವಿನ ಬೋಲ್ಟಿನ ಅಚ್ಚಿನಲ್ಲಿ ಆ ದೂರ 210 ಮಿಲಿಮೀಟರ್ ಇತ್ತು. ಆ ಸನ್ನೆಗೋಲನ್ನು ಕಲ್ಲಿನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ ಎಂಬುದೇ ಮುಂದಿನ ನನ್ನ ಕೆಲಸವೆಲ್ಲ.

ಎರಡನೆಯ ಗಾಡಿಯಲ್ಲಿ ಕಾರಿನಲ್ಲಿರುವಂತೆ ಅಚ್ಚನ್ನು ಅಲುಗಾಡದಂತೆ ನಿಲ್ಲಿಸಿ, ಅದರ ಎರಡು ತುದಿಗಳಲ್ಲಿ ಗಾಲಿಗಳು ಬೇರೆಬೇರೆಯಾಗಿ ತಿರುಗುವಂತೆ ಕಿಂಗ್ ಪಿನ್, ಅಂದರೆ ನೆಟ್ಟಗೆ ನಿಂತ ಕೀಲು, ಹಾಕಿದೆ. ಎರಡನ್ನೂ ಟೈ ರಾಡ್ ಎಂಬ ಒಂದು ಅಡ್ಡ ಸರಳು ಜೋಡಿಸುತ್ತದೆ. ಸಾರೋಟು ಮಗುಚುವ ತೊಂದರೆಗೇ ಹುಟ್ಟಿದ ವ್ಯವಸ್ಥೆ ಇದು. 1817ರಲ್ಲಿ ಮ್ಯೂನಿಕ್‌ನ ಸಾರೋಟು ತಯಾರಕ ಗೆಯಾರ್ಗ್ ಲಾಂಕೆನ್ಸ್‌ಪರ್ಗರ್ ಇದನ್ನು ರೂಪಿಸಿದ. ಮರುವರ್ಷ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ರುಡಾಲ್ಫ್ ಆಕರ್‌ಮನ್ ಹೆಸರು ಅದಕ್ಕೆ ಅಂಟಿಕೊಂಡಿತು. ತಿರುವಿನಲ್ಲಿ ಒಳಗಾಲಿ ಹೆಚ್ಚು, ಹೊರಗಾಲಿ ಕಡಿಮೆ ತಿರುಗಬೇಕು, ಇಲ್ಲದಿದ್ದರೆ ಒಂದು ಗಾಲಿ ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ. ನನ್ನ ಗಾಡಿಯಲ್ಲಿ ಮುಂದಿನ ಕೀಲುಗಳಿಂದ ಹಿಂದಿನ ಅಚ್ಚಿಗೆ 600 ಮಿ.ಮೀ., ಎರಡು ಕೀಲುಗಳ ನಡುವೆ 420 ಮಿ.ಮೀ. ಒಳಗಾಲಿ 30 ಡಿಗ್ರಿ ತಿರುಗಿದಾಗ ಹೊರಗಾಲಿ ಸುಮಾರು 22 ಡಿಗ್ರಿ ತಿರುಗಬೇಕು. ಕೀಲುಗಳಿಂದ ಹಿಂದಕ್ಕೆ ಚಾಚುವ ತೋಳುಗಳನ್ನು ಹಿಂದಿನ ಅಚ್ಚಿನ ನಡುಬಿಂದುವಿನ ಕಡೆಗೆ ಮುಖ ಮಾಡಿಸಿದರೆ ಇದು ಹೆಚ್ಚುಕಡಿಮೆ ತಾನಾಗಿಯೇ ಒದಗುತ್ತದೆ. ತೋಳು ನೇರ ಹಿಂದಕ್ಕಿಂತ ಒಳಕ್ಕೆ ಓರೆಯಾಗುವ ಆ ಕೋನ 19 ಡಿಗ್ರಿಗೆ ಸ್ವಲ್ಪ ಹೆಚ್ಚು. ತೋಳು 70 ಮಿ.ಮೀ. ಇಟ್ಟುಕೊಂಡೆ, ಆಗ ಟೈ ರಾಡ್ 374 ಮಿ.ಮೀ. ಬಂತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ಣ ಅಳತೆಯ ನಕ್ಷೆ ಬರೆದು, ದಾರ ಹಿಡಿದು ಪರೀಕ್ಷಿಸಿದ ಮೇಲೆಯೇ ಕಬ್ಬಿಣ ಕತ್ತರಿಸಿದೆ. ಈ ಕೆಲಸಕ್ಕೆ ಕೈಹಾಕುವವರು ನಕ್ಷೆಯನ್ನು ಮಾತ್ರ ಬಿಡಬಾರದು.

ಗಾಡಿ ಮಗುಚುವುದು ನಿಂತಿತು. ಕಲ್ಲಿನ ಕಾಟ ನಿಲ್ಲಲಿಲ್ಲ, ಕಡಿಮೆಯಾಯಿತು. ಗಾಲಿ ಕೀಲಿನ ಹೊರಬದಿಗೆ 60 ಮಿ.ಮೀ. ದೂರದಲ್ಲಿತ್ತು. ಸನ್ನೆಗೋಲು ಚಿಕ್ಕದಾಗಿತ್ತೇ ಹೊರತು ಇತ್ತು. ಟೈ ರಾಡ್ ಇರುವುದರಿಂದ ಒಂದು ಗಾಲಿಗೆ ಬಿದ್ದ ಪೆಟ್ಟು ಎರಡನ್ನೂ ತಿರುಗಿಸುತ್ತಿತ್ತು.

ಉತ್ತರ ನನ್ನ ಕಣ್ಣೆದುರಿಗೇ ಇತ್ತು. ಸೈಕಲ್ಲಿನ ಮುಂದಿನ ಗಾಲಿ ಫೋರ್ಕಿನ ಎರಡು ಕಾಲುಗಳ ನಡುವೆ, ಕೀಲಿನ ಸರಿಯಾಗಿ ಕೆಳಗೆ ಇರುತ್ತದೆ. ಅಡ್ಡ ದೂರ ಸೊನ್ನೆ. ಎರಡು ಗಾಲಿಗಳಿಗೂ ಒಂದೊಂದು ಫೋರ್ಕ್ ಕೊಟ್ಟರೆ ಕಲ್ಲಿಗೆ ಹಿಡಿಯಲು ಸನ್ನೆಗೋಲೇ ಇರುವುದಿಲ್ಲ. ಗುಜರಿ ಅಂಗಡಿಯಲ್ಲಿ ಎರಡು ಎಂಟು ಅಂಗುಲದ ರಬ್ಬರ್ ಗಾಲಿಗಳು ಸಿಕ್ಕವು. ಫೋರ್ಕನ್ನು ಚಪ್ಪಟೆ ಪಟ್ಟಿಯಿಂದ ನಾನೇ ಬಗ್ಗಿಸಿದೆ. ಹಿಂದಕ್ಕೆ ಮಕ್ಕಳ ಸೈಕಲ್ಲಿನ ಹನ್ನೆರಡು ಅಂಗುಲದ ಗಾಲಿಗಳು. ಅವೆರಡೂ ಅಚ್ಚಿನ ಮೇಲೆ ಬೇರೆಬೇರೆಯಾಗಿ ಉರುಳಬೇಕು. ಅಚ್ಚಿಗೇ ಬೆಸೆದರೆ ಮುಂದೆ ಎಂಥ ಸ್ಟಿಯರಿಂಗ್ ಇದ್ದರೂ ಗಾಡಿ ತಿರುಗಲು ಒಪ್ಪುವುದಿಲ್ಲ.

ಇನ್ನು ಹಿಡಿಯ ಪ್ರಶ್ನೆ. ಆಸ್ಪತ್ರೆಯ ಟ್ರಾಲಿಯನ್ನು ಯಾರೂ ಸ್ಟಿಯರಿಂಗ್ ಹಿಡಿದು ತಿರುಗಿಸುವುದಿಲ್ಲ. ಅದರ ಗಾಲಿ ಕೀಲಿಗಿಂತ ಹಿಂದೆ ನೆಲ ಮುಟ್ಟುತ್ತದೆ, ಕೀಲು ಹೋದ ಕಡೆ ಗಾಲಿ ಹಿಂಬಾಲಿಸುತ್ತದೆ. ಆ ಹಿಂದಿನ ದೂರಕ್ಕೆ ಟ್ರೇಲ್ ಎನ್ನುತ್ತಾರೆ. ಫೋರ್ಕುಗಳಿಗೂ ಅದನ್ನೇ ಕೊಟ್ಟರೆ ಹಿಡಿಯಿಂದ ಕೇಬಲ್ ಬೇಕಿಲ್ಲ, ಮಗಳು ಹಿಡಿಯನ್ನು ತುಸು ಪಕ್ಕಕ್ಕೆ ಒತ್ತಿದರೆ ಸಾಕು. ಹಾಗಾದರೆ ಟೈ ರಾಡ್ ಯಾಕೆ ಎಂದು ಅಂತರಸನಹಳ್ಳಿಯ ಲೇತ್ ಅಂಗಡಿಯ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಬಿಡಿ ಗಾಲಿಯೊಂದು ಹಳ್ಳದ ಮೇಲೆ ನೆಲ ಬಿಟ್ಟ ಕ್ಷಣದಲ್ಲಿ ತನಗೆ ತೋಚಿದ ಕಡೆ ತಿರುಗುತ್ತದೆ, ಅಡ್ಡ ತಿರುಗಿಯೇ ಕೆಳಗಿಳಿಯುತ್ತದೆ. ಚಪ್ಪಡಿಯ ಸಂದಿನಲ್ಲಿ ಆಗಿದ್ದು ಅದೇ. ಟೈ ರಾಡ್ ಇದ್ದರೆ ನೆಲದ ಮೇಲಿರುವ ಗಾಲಿ ಇನ್ನೊಂದನ್ನು ನೇರ ಹಿಡಿದಿರುತ್ತದೆ. ಟ್ರೇಲ್ ಸೇರಿದ ಮೇಲೆ ಆಕರ್‌ಮನ್ ಲೆಕ್ಕ ಸ್ವಲ್ಪ ತಪ್ಪುತ್ತದೆ ನಿಜ, ನಡಿಗೆಯ ವೇಗದಲ್ಲಿ ಅದರಿಂದ ತೊಂದರೆಯಿಲ್ಲ.

ಟ್ರೇಲ್ ಎಷ್ಟಿರಬೇಕು? ಫೋರ್ಕಿನ ಕಾಲಿಗೆ ಒಂದೇ ಎತ್ತರದಲ್ಲಿ 25, 40, 55 ಮಿ.ಮೀ. ದೂರಕ್ಕೆ ಮೂರು ರಂಧ್ರ ಕೊರೆದೆ, ಗಾಲಿಯನ್ನು ಬದಲಿಸಿ ಬದಲಿಸಿ ನೋಡಲು. ರಾಗಿಯ ಚೀಲದ ಪಕ್ಕದಲ್ಲಿ ನೀರು ತುಂಬಿದ ಲೋಟ ಕಟ್ಟಿ, ಸಿದ್ಧಗಂಗಾ ಮಠದ ಕಡೆಯ ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ ತಳ್ಳಿಕೊಂಡು ಹೋಗುತ್ತಿದ್ದೆ. 25ರಲ್ಲಿ ನಿಧಾನವಾಗಿ ನಡೆದರೆ ಸೊಗಸು. ಬಿರುಸಾಗಿ ನಡೆದ ಕೂಡಲೇ ಮುಂದಿನ ಗಾಲಿಗಳು ಎಡಬಲಕ್ಕೆ ಪಟಪಟನೆ ನಡುಗಿ, ಲೋಟ ಅರ್ಧ ಖಾಲಿ. 55ರಲ್ಲಿ ನಡುಕವಿಲ್ಲ, ಆದರೆ ತಿರುಗಿಸಲು ತೋಳಿಗೆ ಭಾರ, ಮತ್ತು ಹಿಂದಕ್ಕೆ ಎಳೆದಾಗ ಗಾಲಿಗಳು ಒಮ್ಮೆಲೇ ಹೊರಳಿ ಕಾಲಿಡುವ ಪಟ್ಟಿಗೆ ಬಡಿಯುತ್ತಿದ್ದವು. 40ರಲ್ಲಿ ನಿಲ್ಲಿಸಿದೆ.

40ರಲ್ಲೂ ಇಳಿಜಾರಿನಲ್ಲಿ ನಡುಕ ಪೂರ್ತಿ ಹೋಗಿರಲಿಲ್ಲ. ವಿಮಾನದ ಮೂತಿಗಾಲಿಗೂ ಇದೇ ಕಾಯಿಲೆ ಇದೆ, ಅಲ್ಲಿ ಅದಕ್ಕೆಂದೇ ಡ್ಯಾಂಪರ್ ಹಾಕುತ್ತಾರೆ. ನನ್ನ ಗಾಡಿಯಲ್ಲಿ ಕಾರಣ ಹುಡುಕಿದರೆ ಸಿಕ್ಕಿದ್ದು ಸಡಿಲ. ಕೀಲಿಗೆ ಬುಷ್, ಅಂದರೆ ಪಿನ್ನಿನ ಸುತ್ತ ಕೂರುವ ಪೈಪಿನ ತುಂಡು, ಹಾಕಿದ್ದೆ, ಉದ್ದ 40 ಮಿ.ಮೀ., ಅದರಲ್ಲಿ ಅರ್ಧ ಮಿಲಿಮೀಟರ್ ಪ್ಲೇ. ಆ ಅರ್ಧ ಮಿಲಿಮೀಟರ್ 200 ಮಿ.ಮೀ. ಕೆಳಗೆ ನೆಲದ ಬಳಿ ಎರಡೂವರೆ ಮಿಲಿಮೀಟರ್ ಆಗುತ್ತದೆ. ಗಡಿಯಾರದ ಕಾರ್ಖಾನೆಯಲ್ಲಿ ಮೈಕ್ರಾನ್ ಎಣಿಸಿದವನು ಇದನ್ನು ಮೊದಲೇ ನೋಡಬೇಕಿತ್ತು ಎಂಬ ಬೇಸರ ನನಗೆ ಇಂದಿಗೂ ಇದೆ. ಬುಷ್ ತೆಗೆದು ಪ್ರತಿ ಕೀಲಿಗೂ ಎರಡೆರಡು 6001 ಬೇರಿಂಗ್ ಕೂರಿಸಿದೆ, 12 ಮಿ.ಮೀ. ರಂಧ್ರ, 28 ಮಿ.ಮೀ. ಹೊರವ್ಯಾಸದವು, ನಡುವೆ 60 ಮಿ.ಮೀ. ಅಂತರ. ಮೇಲೆ ಒಂದು ನೈಲಾನ್ ವಾಷರ್ ಕೊಟ್ಟು ತಾನಾಗಿ ಸಡಿಲವಾಗದ ನೈಲಾಕ್ ನಟ್ ಬಿಗಿದೆ. ಬೇರಿಂಗ್ ಸಡಿಲವನ್ನು ತೆಗೆಯುತ್ತದೆ, ವಾಷರ್ ಸ್ವಲ್ಪ ಉಜ್ಜಿ ನಡುಕವನ್ನು ಕೊಲ್ಲುತ್ತದೆ. ಎರಡೂ ಬೇಕು. ಬೇರಿಂಗ್ ಒಂದೇ ಇದ್ದಾಗ ಗಾಲಿ ಅತಿ ನಯವಾಗಿ ತಿರುಗಿ ನಡುಕ ಇನ್ನೂ ಹೆಚ್ಚಾಗಿತ್ತು. ಟೈ ರಾಡಿನ ತುದಿಗಳಿಗೆ ಬರೀ ಬೋಲ್ಟ್ ಹಾಕದೆ, ಒಳಗೆ ಗುಂಡು ಕೀಲಿರುವ ಆರು ಮಿ.ಮೀ. ರಾಡ್ ಎಂಡ್‌ಗಳನ್ನು ಹಾಕಿದೆ.

ಆಮೇಲಿನದು ಸಣ್ಣಪುಟ್ಟ ಕೆಲಸ. ಎರಡೂ ಕಡೆ 30 ಡಿಗ್ರಿಗೆ ತಡೆ ಬೆಸೆದೆ. ಅಷ್ಟು ತಿರುವಿಗೆ ಹಿಂದಿನ ಅಚ್ಚಿನ ನಡುಬಿಂದು ಒಂದೂಕಾಲು ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ. ಅದಕ್ಕಿಂತ ಇಕ್ಕಟ್ಟಾದ ಜಾಗದಲ್ಲಿ ಹಳೆಯ ಪ್ರ್ಯಾಮ್‌ನಂತೆ ಹಿಡಿ ಒತ್ತಿ ಮುಂಭಾಗ ಎತ್ತಿ ತಿರುಗಿಸಬೇಕು. ಟೈ ರಾಡಿಗೆ ಎರಡು ಕಡೆಯಿಂದ ಮೆದು ಸ್ಪ್ರಿಂಗ್ ಕಟ್ಟಿದೆ. ಉಬ್ಬು ದಾಟಲು ಮುಂಭಾಗ ಎತ್ತಿ ಇಳಿಸಿದಾಗ ಗಾಲಿಗಳು ನೇರವಾಗಿಯೇ ನೆಲ ಮುಟ್ಟಬೇಕಲ್ಲ. ರಸ್ತೆಯ ಅಂಚಿನ ಇಳುವಿಗೆ ಗಾಡಿ ಚರಂಡಿಯ ಕಡೆ ಜಾರುವುದನ್ನೂ ಅದೇ ಸ್ಪ್ರಿಂಗ್ ಸಾಕಷ್ಟು ತಡೆಯಿತು. ಹಿಂದಕ್ಕೆ ಎಳೆಯುವಾಗ ಗಾಲಿಗಳು ಹೊರಳದಂತೆ ಟೈ ರಾಡಿನ ನಡುವೆ ಒಂದು ಚಿಲಕ, ಅದಕ್ಕೆ ಸೈಕಲ್ ಬ್ರೇಕ್ ಕೇಬಲ್ ಎಳೆದು ಹಿಡಿಯ ಬಳಿ ಗುಂಡಿ. ಹಿಂದಿನ ಗಾಲಿಗಳಿಗೆ ಕಾಲಿನಲ್ಲಿ ಒತ್ತುವ ಬ್ರೇಕ್.

ಒಂದು ವಿಷಯಕ್ಕೆ ಮಾತ್ರ ಎರಡು ದಿನ ಬೇಕಾಯಿತು. ಟೈ ರಾಡ್ ಮತ್ತು ತೋಳು ಕತ್ತರಿಯಂತೆ ಕೂಡುವ ಜಾಗ ಕೂಸಿನ ಪಾದದಿಂದ ಒಂದು ಗೇಣು ದೂರದಲ್ಲಿತ್ತು. ಇಂದು ಕಾಲು ಮುಟ್ಟದಿದ್ದರೂ ನಾಳೆ ಅದೇ ಕೂಸು ಬಗ್ಗಿ ಬೆರಳು ಹಾಕುತ್ತದೆ. ತಗಡಿನ ಪೆಟ್ಟಿಗೆ ಮಾಡಿ, ಅಂಚು ಮಡಿಸಿ, ಆ ಜಾಗವನ್ನೆಲ್ಲ ಮುಚ್ಚಿದೆ. ಹಿಂದಿನ ಗಾಲಿಗಳ ಕಡ್ಡಿಗಳಿಗೆ ಸೆರಗು, ವೇಲು ಸಿಕ್ಕದಂತೆ ಪ್ಲಾಸ್ಟಿಕ್ ತಟ್ಟೆ ಕೂರಿಸಿದೆ. ಸ್ಟಿಯರಿಂಗ್ ಎಷ್ಟೇ ಚೆನ್ನಾಗಿದ್ದರೂ ಇವಿಲ್ಲದ ಗಾಡಿಯಲ್ಲಿ ಕೂಸನ್ನು ಕೂರಿಸಲು ನಾನು ಒಪ್ಪುತ್ತಿರಲಿಲ್ಲ.

ಆರು ವಾರ ರಾಗಿ ತಿರುಗಿದ ಮೇಲೆ ಕೂಸು ಕೂತಿತು. ಮಗಳು ಒಂದು ಕೈಯಲ್ಲಿ ಕೊಡೆ ಹಿಡಿದು ಮೂರು ಚಪ್ಪಡಿಗಳನ್ನೂ ದಾಟಿದಳು. ನಾನು ಪಕ್ಕದಲ್ಲಿ ಮುಂದಿನ ಗಾಲಿಗಳನ್ನೇ ನೋಡುತ್ತಾ ನಡೆದೆ. ಸಂದಿನ ಮೇಲೆ ಎಡಗಾಲಿ ಒಂದು ಸಲ ಕುಕ್ಕಿತು, ತಿರುಗಲಿಲ್ಲ. “ಅಪ್ಪ, ಕೈಗೆ ಗೊತ್ತೇ ಆಗಲಿಲ್ಲ” ಎಂದಳು.

ಭಾನುವಾರ ಬೆಳಿಗ್ಗೆ ಗಾಡಿಯನ್ನು ಮಗುಚಿ, ಮುಂದಿನ ಗಾಲಿಗಳನ್ನು ಒಂದೊಂದಾಗಿ ಹಿಡಿದು ಅಲುಗಿಸಿ ಕಿವಿಗೊಟ್ಟು ನೋಡುತ್ತೇನೆ. ಮೊನ್ನೆ ಎಡಗಡೆಯದರಲ್ಲಿ ಸಣ್ಣದೊಂದು ‘ಟಕ್’ ಕೇಳಿಸಿತು. ರಾಡ್ ಎಂಡ್ ಸವೆದಿದೆ. ಹೊಸದು ಬಂದು ಕೂರುವವರೆಗೆ ಗಾಡಿಯನ್ನು ಅಂಗಳ ದಾಟಲು ಬಿಟ್ಟಿಲ್ಲ.