ಸಸ್ಯಾಹಾರಿಗಳಿಗೆ ಅಸ್ಟೋರಿಯಾ: ಕೊನೆಗೂ ಕೈಹಿಡಿದ ದಾರಿ

ಊರಿಂದ ಬಂದ ಹಿರಿಯರನ್ನು ನ್ಯೂಯಾರ್ಕಿನ ಕ್ವೀನ್ಸಿನಲ್ಲಿರುವ ಗ್ರೀಕ್ ಪೇಟೆ ಅಸ್ಟೋರಿಯಾಗೆ ಕರೆದೊಯ್ಯುತ್ತೇನೆ ಎಂದಾಗ, ‘ಅಲ್ಲಿ ಬರೀ ಮೀನು, ಕುರಿ. ಮೊಸರನ್ನದ ಡಬ್ಬಿ ಕಟ್ಟಿಕೊಂಡು ಹೋಗಿ’ ಎಂದವರೇ ಹೆಚ್ಚು. ಈ ಸಲ ಎಂಟು ಜನ ಅಪ್ಪಟ ಸಸ್ಯಾಹಾರಿಗಳು ಡಬ್ಬಿಯಿಲ್ಲದೆ ಹೋಗಿ, ಹೊಟ್ಟೆ ತುಂಬಿಸಿಕೊಂಡು, ನಾಲ್ಕೂವರೆ ಗಂಟೆ ಆರಾಮವಾಗಿ ಸುತ್ತಿ ಬಂದರು. ಆದದ್ದು ಹೀಗೆ.

ಮೊದಲು ದಿಕ್ಕು. ಎಲ್ಲರೂ ಅಸ್ಟೋರಿಯಾದ ಬ್ರಾಡ್‌ವೇ ನಿಲ್ದಾಣದಲ್ಲಿ ಇಳಿದು ಉತ್ತರಕ್ಕೆ ನಡೆಯುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿ ಕೆಟ್ಟೆ: ಬೇಕರಿಗಳ ಸಾಲು ಬರುವಷ್ಟರಲ್ಲಿ ಮೂರು ಗಂಟೆ, ಹಿರಿಯರ ಮೊಣಕಾಲು ಮುಗಿದಿರುತ್ತಿತ್ತು. ಈಗ ಎನ್ ರೈಲಿನ ಕೊನೆಯ ನಿಲ್ದಾಣ ಡಿಟ್ಮಾರ್ಸ್‌ಗೇ ಹೋಗಿ, ಹತ್ತೂವರೆಗೆ ಇಳಿದು, 31ನೇ ಸ್ಟ್ರೀಟ್ ಹಿಡಿದು ದಕ್ಷಿಣಕ್ಕೆ ಬರುತ್ತೇವೆ. ಯಾರಿಗೆ ಸುಸ್ತಾದರೂ ತಲೆಯ ಮೇಲೇ ರೈಲು, ಮುಂದಿನ ನಿಲ್ದಾಣದಲ್ಲಿ ಹತ್ತಿಸಿಬಿಡಬಹುದು. ಶನಿವಾರ, ಭಾನುವಾರ ಇದೇ ಹಳಿಯ ಡಬ್ಲ್ಯೂ ರೈಲು ಇರುವುದಿಲ್ಲ, ಎನ್ ಕೂಡ ಹಳಿ ಕೆಲಸಕ್ಕೆ ಆಗಾಗ ನಿಲ್ಲುತ್ತದೆ. ಹಾಗಾಗಿ ವಾರದ ದಿನವೇ ಸರಿ. ರೈಲಿನ ಕೆಳಗೆ ನಿಂತು ವಿವರಿಸಲು ಹೋಗಬೇಡಿ, ಒಂದಕ್ಷರ ಕೇಳಿಸದು. ಅಡ್ಡ ಅವೆನ್ಯೂಗೆ ಹತ್ತು ಹೆಜ್ಜೆ ತಿರುಗಿ ಮಾತಾಡಿ.

ವಿಳಾಸದಲ್ಲಿ ದಾರಿ ತಪ್ಪದವರೇ ಇಲ್ಲ. 30ನೇ ಸ್ಟ್ರೀಟ್, 30ನೇ ಅವೆನ್ಯೂ, 30ನೇ ರೋಡ್, 30ನೇ ಡ್ರೈವ್, ನಾಲ್ಕೂ ಪಕ್ಕಪಕ್ಕದಲ್ಲೇ ಇವೆ. ಸೇಂಟ್ ಡಿಮಿಟ್ರಿಯೋಸ್ ಕ್ಯಾಥೆಡ್ರಲ್‌ನ ವಿಳಾಸ 30-11, 30ನೇ ಡ್ರೈವ್. ಅಡ್ಡಗೆರೆಗೆ ಮುಂಚಿನ 30 ಎಂದರೆ 30ನೇ ಸ್ಟ್ರೀಟಿನ ಮೂಲೆ, ನಂತರದ 11 ಮನೆ ಸಂಖ್ಯೆ. ಸ್ಟ್ರೀಟ್‌ಗಳು ನದಿಯಿಂದ ಪೂರ್ವಕ್ಕೆ ಏರುತ್ತವೆ, ಅವೆನ್ಯೂಗಳು ಉತ್ತರದಿಂದ ದಕ್ಷಿಣಕ್ಕೆ. ಇಷ್ಟು ಬಾಯಿಪಾಠವಾದರೆ ಫೋನ್ ಬೇಡ.

ಇನ್ನು ಊಟ, ಇದೇ ಮುಖ್ಯ. ಆರ್ಥಡಾಕ್ಸ್ ಈಸ್ಟರ್‌ಗೆ ಮುಂಚಿನ ಏಳು ವಾರ ಗ್ರೀಕರ ವ್ರತದ ಕಾಲ: ಮಾಂಸ, ಹಾಲು, ಮೊಟ್ಟೆ ವರ್ಜ್ಯ. 2027ರಲ್ಲಿ ಮಾರ್ಚ್ 15ರಿಂದ ಶುರು, ಈಸ್ಟರ್ ಮೇ 2ಕ್ಕೆ. ಆಗ ಬೇಕರಿಯಲ್ಲೂ ಹೋಟೆಲಿನಲ್ಲೂ ‘ನಿಸ್ತೀಸಿಮೊ’ ಎಂದು ಕೇಳಿದರೆ ಸಾಕು, ವ್ರತದ ತಿನಿಸು ತೋರಿಸುತ್ತಾರೆ. ಆದರೆ ಆಕ್ಟೋಪಸ್, ಸೀಗಡಿ, ಸ್ಕ್ವಿಡ್ ವ್ರತಕ್ಕೆ ಸಲ್ಲುತ್ತವೆ! ಇದು ಗೊತ್ತಿಲ್ಲದೆ ಒಂದು ಸಲ ಮೇಜಿಗೆ ಆಕ್ಟೋಪಸ್ ಬಂದು, ಅರ್ಧ ಜನ ಎದ್ದುಹೋದರು. ಈಗ ಹೆಸರಿಟ್ಟೇ ಕೇಳುತ್ತೇನೆ: ಗಿಗಾಂದೆಸ್ (ಟೊಮೆಟೊದಲ್ಲಿ ಬೆಂದ ದೊಡ್ಡ ಬಿಳಿ ಕಾಳು), ಹೋರ್ತಾ (ಬೇಯಿಸಿದ ಸೊಪ್ಪು, ಎಣ್ಣೆ, ನಿಂಬೆ), ಫಾವಾ, ಬ್ರಿಯಾಮ್ (ಎಣ್ಣೆಯಲ್ಲಿ ಬೇಯಿಸಿದ ತರಕಾರಿ), ‘ಯಲಾಂಜಿ’ ದೋಲ್ಮಾದೆಸ್ (ಮಾಂಸವಿಲ್ಲದೆ ಅನ್ನ ತುಂಬಿದ ದ್ರಾಕ್ಷಿ ಎಲೆ). ಬರೀ ದೋಲ್ಮಾದೆಸ್ ಎಂದರೆ ಒಳಗೆ ಖೀಮಾ ಇರಬಹುದು. ಗುಲಾಬಿ ಬಣ್ಣದ ತಾರಾಮೊಸಲಾತಾ ಚಟ್ನಿಯಂತೆ ಕಂಡರೂ ಅದು ಮೀನಿನ ಮೊಟ್ಟೆ. ಅವ್ಗೊಲೆಮೊನೊ ಸೂಪಿನಲ್ಲಿ ಮೊಟ್ಟೆಯಿದೆ, ಸಾಮಾನ್ಯವಾಗಿ ಕೋಳಿ ಸಾರೂ. ಫೇತಾ ಚೀಸನ್ನು ಹಳೆಯ ಕ್ರಮದಲ್ಲಿ ಕರುವಿನ ಅಥವಾ ಕುರಿಮರಿಯ ಹೊಟ್ಟೆಯ ರೆನೆಟ್‌ನಿಂದ (ಹಾಲು ಒಡೆಸುವ ಕಿಣ್ವ) ಒಡೆಸುತ್ತಾರೆ, ಮಡಿಯವರಿದ್ದರೆ ಲೇಬಲ್ ಓದಿ.

ಫಾವಾ ಎಂಬುದು ಹಳದಿ ಬಟಾಣಿ ಬೇಳೆಯ ತೊವ್ವೆಯೇ. ಮನೆಯಲ್ಲಿ ಒಗ್ಗರಣೆ ಹಾಕಿ ನೋಡಿದೆ, ಕಾದ ಆಲಿವ್ ಎಣ್ಣೆಯ ಘಮ ಹಾರಿಹೋಯಿತು. ಬೆಂದ ಮೇಲೆ ಹಸಿ ಎಣ್ಣೆ ಸುರಿದು, ಹೆಚ್ಚಿದ ಈರುಳ್ಳಿ ಉದುರಿಸಿದರೇ ಚೆನ್ನ.

ಹಣ. ಮೊದಲ ಸಲ ತಲೆಗೊಂದು ಪ್ಲೇಟ್ ಹೇಳಿ ಸುಮಾರು 240 ಡಾಲರ್ ಬಿಲ್, ಅರ್ಧ ಊಟ ಉಳಿಯಿತು. ಈಗ ಎಂಟು ಜನಕ್ಕೆ ಐದು ಪ್ಲೇಟ್, ಎರಡು ಸಲಾಡ್. ದೊಡ್ಡ ಗುಂಪಿಗೆ ಟಿಪ್ಪನ್ನು ಬಿಲ್ಲಿನಲ್ಲೇ ಸೇರಿಸುವ ಹೋಟೆಲುಗಳುಂಟು. ಅದನ್ನು ನೋಡದೆ ಮತ್ತೆ ಕೊಟ್ಟು ನಲವತ್ತು ಡಾಲರ್ ಕಳೆದುಕೊಂಡದ್ದೂ ಆಯಿತು. ಈ ಸಲ ರೈಲು, ಕಾಫಿ, ಊಟ, ಸಿಹಿ ಸೇರಿ ತಲೆಗೆ 30 ಡಾಲರ್ ದಾಟಲಿಲ್ಲ. ಈ ಲೆಕ್ಕವನ್ನು ಬೇರೆ ಯಾರೂ ಮಾಡಿ ತೋರಿಸಿದ್ದನ್ನು ನಾನು ಕಂಡಿಲ್ಲ.

ನಿಲ್ಲುವ ಜಾಗ ಐದೇ. ಡಿಟ್ಮಾರ್ಸ್ ಬಳಿ ಕಾಫಿ ಮತ್ತು ಎಳ್ಳಿನ ಕುಲೂರಿ (ಬಳೆಯಾಕಾರದ ಬ್ರೆಡ್). ಟೈಟನ್ ಫುಡ್ಸ್ ಎಂಬ ಗ್ರೀಕ್ ದಿನಸಿ ಅಂಗಡಿಯಲ್ಲಿ ಉಪ್ಪುನೀರಿನ ಫೇತಾಗಳು. ಮೂರು ಬಗೆ ರುಚಿ ನೋಡಿ, ಅರ್ಧ ಪೌಂಡ್ ಕೊಂಡರೆ ಸಾಕು, ಆ ಉಪ್ಪುನೀರನ್ನೂ ಕೇಳಿ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಬೇಗ ಒಣಗುತ್ತದೆ. ಹೆದ್ದಾರಿ ದಾಟಿ 30ನೇ ಅವೆನ್ಯೂನ ಅಥೆನ್ಸ್ ಸ್ಕ್ವೇರ್‌ನಲ್ಲಿ ಸಾಕ್ರಟೀಸನ ಪ್ರತಿಮೆಯ ಹತ್ತಿರ ಹಿರಿಯರಿಗೆ ಇಪ್ಪತ್ತು ನಿಮಿಷ ಬೆಂಚು. ಆಮೇಲೆ ಕ್ಯಾಥೆಡ್ರಲ್. ಒಂದೆರಡು ಡಾಲರ್ ಪೆಟ್ಟಿಗೆಗೆ ಹಾಕಿ, ತೆಳ್ಳನೆಯ ಮೇಣದ ಬತ್ತಿ ಹೊತ್ತಿಸಿ ಮರಳಿನಲ್ಲಿ ನೆಡುವಾಗ ನಮ್ಮ ಅಜ್ಜಿಯರಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ.

ಕೊನೆಗೆ ಪೂರ್ವಕ್ಕೆ ಎಂಟು ಬೀದಿ ನಡೆದು ಸ್ಟೈನ್‌ವೇ ಸ್ಟ್ರೀಟ್. 28ನೇ ಅವೆನ್ಯೂನಿಂದ ಅಸ್ಟೋರಿಯಾ ಬುಲೆವಾರ್ಡ್‌ವರೆಗೆ ಈಜಿಪ್ಟಿನವರ ಅಂಗಡಿ ಸಾಲು. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಗ್ರೀಕರು ಇಲ್ಲಿಗೆ ಹೆಚ್ಚಾಗಿ ಬಂದರು. ಅರಬರು, ಬಾಂಗ್ಲಾದವರು ಆಮೇಲೆ ಅವರ ಪಕ್ಕದಲ್ಲೇ ನೆಲೆಸಿದರು. ಕುಶರಿ ಸಿಕ್ಕರೆ ಬಿಡಬೇಡಿ: ಅನ್ನ, ಮಸೂರ, ಮ್ಯಾಕರೋನಿ, ಟೊಮೆಟೊ ಸಾರು, ಮೇಲೆ ಕರಿದ ಈರುಳ್ಳಿ.

ಬಿಸಿ ಗಲಾಕ್ತೊಬುರೆಕೊ (ಕಸ್ಟರ್ಡ್ ತುಂಬಿದ ಪಾಕದ ಸಿಹಿ) ಒಲೆಯಿಂದ ಇಳಿಯುವ ಬೇಕರಿ ಯಾವುದು, ಎಷ್ಟು ಗಂಟೆಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಂದೇ ತಟ್ಟೆ ಮಾಡುತ್ತಾರೆ.