ಉತ್ತರ ಇಂಗ್ಲೆಂಡಿನ ಆಡುಮಾತನ್ನು ಕೇಳಿ ಅರ್ಥಮಾಡಿಕೊಳ್ಳುವ ಬಗೆ

ಓದಿಗೋ ಕೆಲಸಕ್ಕೋ ಲೀಡ್ಸ್, ಶೆಫೀಲ್ಡ್, ಮ್ಯಾಂಚೆಸ್ಟರ್, ನ್ಯೂಕಾಸಲ್ ಕಡೆಗೆ ಹೋಗುವವರು ಅಲ್ಲಿನ ಆಡುಮಾತಿನ ಪದಪಟ್ಟಿಯೊಂದನ್ನು ಬಾಯಿಪಾಠ ಮಾಡಿಕೊಂಡು ಹೊರಡುವುದುಂಟು. ಅದರಿಂದ ಆಗುವ ಪ್ರಯೋಜನ ಕಡಿಮೆ. ಕೇಳರಿಯದ ಪದವೊಂದು ಕಿವಿಗೆ ಬಿದ್ದರೆ ಅರ್ಥವಾಗಲಿಲ್ಲವೆಂಬುದು ಕೂಡಲೇ ತಿಳಿಯುತ್ತದೆ, ವಿಚಾರಿಸಿದರೆ ಹೇಳುವವರೂ ಇರುತ್ತಾರೆ. ದಾರಿ ತಪ್ಪಿಸುವುದು ನಾವು ಶಾಲೆಯಲ್ಲೇ ಕಲಿತಿರುವ, ಆದರೆ ಅಲ್ಲಿ ಬೇರೆ ಅರ್ಥದಲ್ಲಿ ಬಳಕೆಯಾಗುವ ಪದಗಳು. ಆದ್ದರಿಂದ ಮೊದಲು ಉಚ್ಚಾರಣೆಗೆ ಕಿವಿ ಪಳಗಿಸಿಕೊಂಡು, ಅನಂತರ ಪರಿಚಿತವೆನಿಸುವ ಪದಗಳನ್ನು ಅನುಮಾನದಿಂದ ನೋಡಿ, ಅಪರೂಪದ ಪದಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯ ಕ್ರಮ.

ಉಚ್ಚಾರಣೆಯಲ್ಲಿ ಗಮನಿಸಬೇಕಾದ ಅಂಶಗಳು ಹೆಚ್ಚಿಲ್ಲ. ‘ಕಪ್’, ‘ಬಸ್’, ‘ಲವ್’ ಎಂಬ ಪದಗಳು ಉತ್ತರದಲ್ಲಿ ಸಾಮಾನ್ಯವಾಗಿ ‘ಕುಪ್’, ‘ಬುಸ್’, ‘ಲುವ್’ ಎಂಬಂತೆ ಕೇಳಿಸುತ್ತವೆ. ‘ಬಾತ್’, ‘ಗ್ರಾಸ್’ ಮೊದಲಾದ ಪದಗಳಲ್ಲಿ ದಕ್ಷಿಣದವರು ಎಳೆಯುವ ಸ್ವರವನ್ನು ಉತ್ತರದವರು ಮೊಟಕಾಗಿಯೇ ನುಡಿಯುತ್ತಾರೆ. ಯಾರ್ಕ್‌ಶೈರ್ ಮತ್ತು ಲ್ಯಾಂಕಶೈರ್‌ಗಳಲ್ಲಿ ‘ದ’ ಎಂಬ ಉಪಪದ ಬಹುಮಟ್ಟಿಗೆ ಕರಗಿಹೋಗುತ್ತದೆ. ಬರವಣಿಗೆಯಲ್ಲಿ ಅದನ್ನು ಬರಿಯ ‘ಟ್’ ಅಕ್ಷರದಿಂದ ಸೂಚಿಸುವ ರೂಢಿ ಇರುವುದರಿಂದ ಹೊಸಬರು ಸ್ಪಷ್ಟವಾದ ಟಕಾರಕ್ಕಾಗಿ ಕಾಯುತ್ತಾರೆ. ಮಾತಿನಲ್ಲಿ ಅಲ್ಲಿರುವುದು ಅನೇಕ ವೇಳೆ ಗಂಟಲು ಕ್ಷಣಮಾತ್ರ ಹಿಡಿದು ಬಿಡುವ ಒಂದು ತಡೆ ಅಷ್ಟೆ. ಇದರ ಜೊತೆಗೆ ಮೂರು ಚಿಕ್ಕ ಪದಗಳನ್ನು ಗುರುತಿಸಲು ಬಂದರೆ ಸಂಭಾಷಣೆಯ ಬಹುಪಾಲು ತೆರೆದುಕೊಳ್ಳುತ್ತದೆ: ‘ನೌಟ್’ ಎಂದರೆ ಏನೂ ಇಲ್ಲ, ‘ಔಟ್’ ಎಂದರೆ ಏನಾದರೂ, ‘ಸುಮ್ಮಟ್’ ಎಂದರೆ ಏನೋ ಒಂದು. ಮೊದಲೆರಡು ಹಳೆಯ ಇಂಗ್ಲಿಷಿನಿಂದ ನೇರವಾಗಿ ಇಳಿದುಬಂದವು. ಅವನ್ನು ಕೆಟ್ಟುಹೋದ ಇಂಗ್ಲಿಷ್ ಎನ್ನುವವರಿಗೆ ಅದರ ಚರಿತ್ರೆ ತಿಳಿದಿಲ್ಲವೆಂದೇ ಹೇಳಬೇಕು.

ಇನ್ನು ಪರಿಚಿತ ವೇಷದ ಪದಗಳು. ಯಾರ್ಕ್‌ಶೈರ್‌ನ ಹಿರಿಯರೊಬ್ಬರು ಅಂಗಡಿ ‘ನೈನ್ ವೈಲ್ ಫೈವ್’ ತೆರೆದಿರುತ್ತದೆ ಎಂದರೆ ಒಂಬತ್ತರಿಂದ ಐದರವರೆಗೆ ಎಂದರ್ಥ. ಇಲ್ಲಿ ‘ವೈಲ್’ ಎಂದರೆ ‘ತನಕ’. ‘ಸ್ಟಾರ್ವ್ಡ್’ ಎಂದವರಿಗೆ ಊಟ ಬಡಿಸುವ ಮುನ್ನ ಕಿಟಕಿ ಮುಚ್ಚಬೇಕಾಗಬಹುದು. ಆ ಕ್ರಿಯಾಪದಕ್ಕೆ ಮೂಲದಲ್ಲಿ ಸಾಯುವುದೆಂಬ ಅರ್ಥವಿದ್ದು, ಶಿಷ್ಟ ಇಂಗ್ಲಿಷಿನಲ್ಲಿ ಅದು ಹಸಿವಿನಿಂದ ಸಾಯುವುದೆಂದಾದರೆ ಉತ್ತರದ ಆಡುಮಾತಿನಲ್ಲಿ ಚಳಿಯಿಂದ ಮರಗಟ್ಟುವುದೆಂಬ ಅರ್ಥವೂ ಉಳಿಯಿತು. ಪಶ್ಚಿಮ ಯಾರ್ಕ್‌ಶೈರ್‌ನ ಹಳಬರ ಬಾಯಲ್ಲಿ ‘ಸ್ಪೈಸ್’ ಎಂದರೆ ಮಸಾಲೆಯಲ್ಲ, ಮಕ್ಕಳು ತಿನ್ನುವ ಮಿಠಾಯಿ. ‘ಬ್ರಾಸ್’ ಎಂದರೆ ಹಣ. ‘ಲೇಕ್’ ಎಂದರೆ ಆಡುವುದು. ಗಿರಣಿಗಳ ಕಾಲದಲ್ಲಿ ಕೆಲಸವಿಲ್ಲದೆ ಕುಳಿತಿರುವುದಕ್ಕೂ ಇದೇ ಪದ ಸಲ್ಲುತ್ತಿತ್ತು. ನ್ಯೂಕಾಸಲ್ ಸುತ್ತಿನಲ್ಲಿ ಯಾರನ್ನಾದರೂ ‘ಕ್ಯಾನಿ’ ಎಂದರೆ ಅವರು ಒಳ್ಳೆಯವರು, ಹಿತವಾದವರು ಎಂಬ ಮೆಚ್ಚುಗೆ. ಚಾಲಾಕಿ ಎಂಬ ಧ್ವನಿ ಅಲ್ಲಿ ಹುಡುಕಬೇಕಾಗಿಲ್ಲ. ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಊಟದ ಹೆಸರುಗಳು. ಅನೇಕ ಮನೆಗಳಲ್ಲಿ ‘ಡಿನ್ನರ್’ ಮಧ್ಯಾಹ್ನದ ಊಟ, ‘ಟೀ’ ಸಂಜೆಯ ಊಟ. ಹೀಗಾಗಿ ‘ಟೀ’ಗೆ ಕರೆದಾಗ ಹೊಟ್ಟೆ ತುಂಬಿಸಿಕೊಂಡು ಹೋಗುವುದು ತರವಲ್ಲ.

ಸಂಬೋಧನೆಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಶಿಷ್ಟ ಇಂಗ್ಲಿಷ್ ಕಳೆದುಕೊಂಡ ಏಕವಚನವನ್ನು ಯಾರ್ಕ್‌ಶೈರ್‌ನ ಕೆಲವು ಭಾಗಗಳ ಹಳಬರು ‘ದಾ’, ‘ದೀ’ ಎಂಬ ರೂಪಗಳಲ್ಲಿ ಉಳಿಸಿಕೊಂಡಿದ್ದಾರೆ. ನಮ್ಮ ‘ನೀನು’, ‘ನೀವು’ಗಳಂತೆಯೇ ಅದು ಗೆಳೆಯರ ನಡುವೆ ಸಲುಗೆ, ಹಿರಿಯರ ಮುಂದೆ ಉದ್ಧಟತನ. ಆ ಪದವನ್ನು ತಮ್ಮ ಮೇಲೆ ಪ್ರಯೋಗಿಸಿದ ಕಿರಿಯರನ್ನು ಗದರಿಸಲೆಂದೇ ಒಂದು ಹಳೆಯ ನುಡಿಯಿದೆ. ಇದೇ ಸರ್ವನಾಮಗಳ ಉಚ್ಚಾರಣೆಯನ್ನು ಅಣಕಿಸಿ ಬಾರ್ನ್ಸ್‌ಲಿಯವರು ಶೆಫೀಲ್ಡಿನವರನ್ನು ‘ಡೀ-ಡಾ’ಗಳು ಎನ್ನುತ್ತಾರೆ. ಅಂಗಡಿಯವರು ‘ಲುವ್’ ಎಂದರೆ, ಶೆಫೀಲ್ಡ್ ಮತ್ತು ಡಾರ್ಬಿಶೈರ್ ಕಡೆ ‘ಡಕ್’ ಎಂದರೆ, ಈಶಾನ್ಯದಲ್ಲಿ ‘ಪೆಟ್’ ಎಂದರೆ ಅದು ವಾಡಿಕೆಯ ಸೌಜನ್ಯ ಮಾತ್ರ. ‘ನೌ ದೆನ್’ ಎಂಬುದು ಯಾರ್ಕ್‌ಶೈರ್‌ನಲ್ಲಿ ಎದುರಾದವರಿಗೆ ಹೇಳುವ ನಮಸ್ಕಾರ, ಜಗಳದ ಪೀಠಿಕೆಯಲ್ಲ. ‘ನಾಟ್ ಬ್ಯಾಡ್’ ಎಂಬುದನ್ನು ಹೊಗಳಿಕೆಯೆಂದೇ ತೆಗೆದುಕೊಳ್ಳಬಹುದು.

ಊರು, ಬೀದಿಗಳ ಹೆಸರುಗಳನ್ನು ಓದುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಆಡುಮಾತಿನ ಪದಗಳಲ್ಲಿ ಅನೇಕವು ಅಲ್ಲಿ ಕಲ್ಲಿನಂತೆ ನಿಂತಿವೆ. ಯಾರ್ಕ್ ನಗರವನ್ನು ಸ್ಕ್ಯಾಂಡಿನೇವಿಯಾದ ವೈಕಿಂಗರು 866ರಲ್ಲಿ ವಶಪಡಿಸಿಕೊಂಡ ಮೇಲೆ ಆ ಸೀಮೆಯಲ್ಲಿ ಅವರ ನಾರ್ಸ್ ನುಡಿ ಬೇರೂರಿತು. ತೊರೆಗೆ ‘ಬೆಕ್’, ಬೆಟ್ಟಕ್ಕೆ ‘ಫೆಲ್’, ಮನೆ ಬದಲಾಯಿಸುವುದಕ್ಕೆ ‘ಫ್ಲಿಟ್’ ಎಂಬ ಪದಗಳು ಆ ಮೂಲದವು. ಯಾರ್ಕಿನ ‘ಕಾಪರ್‌ಗೇಟ್’, ಲೀಡ್ಸಿನ ‘ಬ್ರಿಗೇಟ್’ ಎಂಬಲ್ಲಿ ‘ಗೇಟ್’ ಎಂದರೆ ಬೀದಿ. ಯಾರ್ಕಿನ ಕೋಟೆ ಬಾಗಿಲುಗಳಿಗೆ ‘ಬಾರ್’ ಎಂದು ಹೆಸರು. ‘ಮಿಕಲ್‌ಗೇಟ್ ಬಾರ್’ ಹುಡುಕಿಕೊಂಡು ಹೋದವರಿಗೆ ಸಿಗುವುದು ಹೆಬ್ಬಾಗಿಲು, ಮದ್ಯದಂಗಡಿಯಲ್ಲ.

ಹಳೆಯ ನುಡಿಗಟ್ಟುಗಳನ್ನು ಬಿಡಿಬಿಡಿಯಾಗಿ ಪದಾರ್ಥ ಮಾಡದೆ ಇಡಿಯಾಗಿ ಗ್ರಹಿಸಬೇಕು. ‘ಪುಟ್ ವುಡ್ ಇನ್ ಟ್ ಹೋಲ್’ ಎಂದರೆ ಬಾಗಿಲು ಹಾಕು. ಬಿಲ್ ಎಂಬವನ ತಾಯಿಯ ಮನೆಯ ಮೇಲೆ ಕಪ್ಪಾಗಿದೆ ಎಂದರೆ ಮಳೆ ಬರುವ ಹಾಗಿದೆ ಎಂದು. ಆ ಬಿಲ್ ಯಾರೆಂದು ಕೇಳುವುದರಿಂದ ಪ್ರಯೋಜನವಿಲ್ಲ. ನಮ್ಮ ಮೆಟ್ಟಿಲ ಬುಡಕ್ಕೆ ಹೋಗುತ್ತೇನೆ ಎಂಬುದು ಅಚ್ಚರಿಯ ಉದ್ಗಾರ.

ಪದಗಳನ್ನು ಸಂಗ್ರಹಿಸುವ ಆಸಕ್ತಿ ಇದ್ದವರು ಲೀಡ್ಸ್ ವಿಶ್ವವಿದ್ಯಾಲಯದಿಂದ ಹೆರಾಲ್ಡ್ ಆರ್ಟನ್ ನಡೆಸಿದ ಇಂಗ್ಲಿಷ್ ಉಪಭಾಷಾ ಸಮೀಕ್ಷೆಯ ವಿಧಾನವನ್ನು ಅನುಸರಿಸುವುದು ಲೇಸು. 1950ರಿಂದ 1961ರವರೆಗೆ 313 ಸ್ಥಳಗಳಲ್ಲಿ ನಡೆದ ಆ ಕೆಲಸದಲ್ಲಿ ಪ್ರಶ್ನೆಗಳನ್ನು, ನಿರೀಕ್ಷಿತ ಉತ್ತರವನ್ನು ಬಾಯಿ ಬಿಡದೆ, ವಸ್ತುವನ್ನು ತೋರಿಸಿಯೋ ವರ್ಣಿಸಿಯೋ ಕೇಳಲಾಗುತ್ತಿತ್ತು. ‘ನೀವು ಗಿನ್ನೆಲ್ ಎನ್ನುತ್ತೀರಾ?’ ಎಂದು ಕೇಳಿದರೆ ಮರ್ಯಾದೆಗಾಗಿ ಹೌದೆನ್ನುವವರೇ ಹೆಚ್ಚು. ಮನೆಗಳ ನಡುವಿನ ಓಣಿಯನ್ನು ತೋರಿಸಿ ಹೆಸರು ಕೇಳಿದರೆ ಲೀಡ್ಸಿನಲ್ಲಿ ‘ಗಿನ್ನೆಲ್’, ಶೆಫೀಲ್ಡಿನಲ್ಲಿ ‘ಜೆನ್ನೆಲ್’, ಬೇರೆಡೆ ‘ಸ್ನಿಕೆಟ್’, ಡರಮ್‌ನಲ್ಲಿ ‘ವೆನೆಲ್’ ಎಂಬ ಉತ್ತರಗಳು ಬರಬಹುದು. ಹಲ್‌ನಲ್ಲಿ ಮನೆಗಳ ಹಿಂದಿನ ಓಣಿಗೆ ‘ಟೆನ್‌ಫುಟ್’ ಎನ್ನುತ್ತಾರೆ. ಪ್ರತಿ ಪದದೊಂದಿಗೆ ಊರು, ಹೇಳಿದವರ ಅಂದಾಜು ವಯಸ್ಸು, ಕಸುಬು ಮತ್ತು ಇಡೀ ವಾಕ್ಯವನ್ನು ಬರೆದುಕೊಳ್ಳಬೇಕು. ಊರಿಲ್ಲದ ಪದ ಅರ್ಧ ಮಾಹಿತಿ. ಹಳೆಯ ಪದಗಳನ್ನು ತಾಳೆ ನೋಡಲು ಜೋಸೆಫ್ ರೈಟ್ 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ಉಪಭಾಷಾ ನಿಘಂಟು ಇದೆ. ಬ್ರಾಡ್‌ಫರ್ಡ್ ಬಳಿ ಹುಟ್ಟಿ, ಬಾಲ್ಯದಲ್ಲೇ ಗಿರಣಿಯ ದುಡಿಮೆಗೆ ಇಳಿದು, ಹದಿಹರೆಯದಲ್ಲಿ ಅಕ್ಷರ ಕಲಿತು, ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದ ರೈಟ್ ಪ್ರತಿ ಅರ್ಥವೂ ಯಾವ ಕೌಂಟಿಯದೆಂದು ನಮೂದಿಸಿದ್ದಾರೆ.

ಅರ್ಥಮಾಡಿಕೊಳ್ಳುವುದು ಬೇರೆ, ಆಡುವುದು ಬೇರೆ. ‘ಈ ಬೈ ಗಮ್’ ಎಂಬಂಥ ಹಾಸ್ಯ ಕಾರ್ಯಕ್ರಮಗಳ ಉದ್ಗಾರಗಳನ್ನು ಹೊರಗಿನವರು ಅನುಕರಿಸಿದರೆ ಅಣಕದಂತೆ ಕೇಳಿಸುತ್ತದೆ. ಬಳಸಲೇಬೇಕೆನಿಸಿದರೆ ವಸ್ತುಗಳ ಹೆಸರಿನಿಂದ ಆರಂಭಿಸಬಹುದು. ಮ್ಯಾಂಚೆಸ್ಟರಿನ ಬೇಕರಿಯಲ್ಲಿ ದುಂಡು ಬ್ರೆಡ್ಡಿಗೆ ‘ಬಾರ್ಮ್’, ಶೆಫೀಲ್ಡಿನಲ್ಲಿ ‘ಬ್ರೆಡ್‌ಕೇಕ್’ ಎಂದು ಕೇಳುವುದು ಯಾರಿಗೂ ನಟನೆಯಾಗಿ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಅದರ ಹೆಸರೇ ಅದು.