ಹಿಟ್ಟಿನ ಹುಳುವನ್ನು ಮಗುಚಿ ನೋಡಿ ಗುರುತಿಸುವ ಕ್ರಮ

ಹಳೆಯ ರವೆಯನ್ನೋ ಮೈದಾವನ್ನೋ ಜರಡಿ ಹಿಡಿದಾಗ ಮೇಲುಳಿಯುವ 3–4 ಮಿ.ಮೀ. ಉದ್ದದ ಕೆಂಗಂದು ಹುಳುಗಳು ಸಾಮಾನ್ಯವಾಗಿ ಟೆನೆಬ್ರಿಯೋನಿಡೇ ಎಂಬ ಜೀರುಂಡೆ ಕುಟುಂಬದ ಟ್ರೈಬೋಲಿಯಮ್ ಕುಲಕ್ಕೆ ಸೇರಿರುತ್ತವೆ. ಈ ಕುಟುಂಬದಲ್ಲಿ 20,000ಕ್ಕೂ ಹೆಚ್ಚು ಪ್ರಭೇದಗಳಿವೆ. ಬಣ್ಣವನ್ನು ನಂಬಿ ಹೆಸರಿಡಬಾರದು. ಕೋಶದಿಂದ ಆಗತಾನೆ ಹೊರಬಂದ ಹುಳು ತಿಳಿಗಂದಾಗಿದ್ದು, ಬರಬರುತ್ತ ಗಾಢವಾಗುತ್ತದೆ.

ಹುಳುಗಳನ್ನು ಸಣ್ಣ ಸೀಸೆಯಲ್ಲಿ ಹಾಕಿ ಎರಡು ದಿನ ಫ್ರೀಜರಿನಲ್ಲಿಟ್ಟು, ಅನಂತರ ಬಿಳಿ ಕಾಗದದ ಮೇಲೆ ಹರಡಿಕೊಳ್ಳಿ. ಮೂತಿ ಸೊಂಡಿಲಿನಂತೆ ಮುಂದೆ ಚಾಚಿದ್ದರೆ ಅದು ಅಕ್ಕಿಯ ಹುಳು. ಎದೆಯ ಎರಡೂ ಅಂಚಿನಲ್ಲಿ ಆರಾರು ಹಲ್ಲುಗಳಿದ್ದರೆ ಗರಗಸದ ಹುಳು. ಇವೆರಡನ್ನೂ ಬದಿಗಿಡಿ.

ಉಳಿದವುಗಳ ಪಾದದ ಗೆಣ್ಣುಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಬೇಕು. ಮುಂಗಾಲು ಮತ್ತು ನಡುಗಾಲಿನಲ್ಲಿ ಐದೈದು, ಹಿಂಗಾಲಿನಲ್ಲಿ ನಾಲ್ಕೇ ಇದ್ದರೆ ಟೆನೆಬ್ರಿಯೋನಿಡೇ ಇರಬಹುದು. ಬೇರೆ ಕೆಲವು ಕುಟುಂಬಗಳ ಗಂಡುಗಳಲ್ಲೂ ಇದೇ ಲೆಕ್ಕ ಕಾಣುವುದರಿಂದ, ಕುಡಿಮೀಸೆಯ ಬುಡವು ತಲೆಯ ಅಂಚಿನ ಚಾಚಿನಡಿ ಮರೆಯಾಗಿದೆಯೇ, ಆ ಚಾಚು ಕಣ್ಣನ್ನು ಮುಂದಿನಿಂದ ಕಚ್ಚಿದಂತೆ ಒಳಸರಿದಿದೆಯೇ ಎಂಬುದನ್ನೂ ನೋಡಿಯೇ ಮುಂದುವರಿಯಬೇಕು.

ನಿಜವಾದ ಕಷ್ಟ ಎದುರಾಗುವುದು ಟ್ರೈಬೋಲಿಯಮ್ ಕ್ಯಾಸ್ಟೇನಿಯಮ್ ಮತ್ತು ಟ್ರೈಬೋಲಿಯಮ್ ಕನ್‌ಫ್ಯೂಸಮ್ ಎಂಬ ಎರಡರ ನಡುವೆ. ಎರಡನೆಯದರ ಹೆಸರೇ ಈ ಗೊಂದಲವನ್ನು ಸಾರುತ್ತದೆ. ಕ್ಯಾಸ್ಟೇನಿಯಮ್‌ನ ಕುಡಿಮೀಸೆಯ ಕೊನೆಯ ಮೂರು ಗೆಣ್ಣುಗಳು ಒಮ್ಮೆಲೇ ದಪ್ಪಗಾಗಿ ಗದೆಯಂತಿರುತ್ತವೆ. ಕನ್‌ಫ್ಯೂಸಮ್‌ನ ಮೀಸೆ ತುದಿಯತ್ತ ಮೆಲ್ಲಮೆಲ್ಲನೆ ದಪ್ಪಗಾಗುತ್ತದೆ. ಮೀಸೆ ಮುರಿದಿದ್ದರೆ ಹುಳುವನ್ನು ಮಗುಚಿ, ತಲೆಯ ಕೆಳಬದಿಯಿಂದ ಕಣ್ಣುಗಳ ಅಂತರವನ್ನು ಅಳೆಯಿರಿ. ಆ ಅಂತರ ಹೆಚ್ಚುಕಡಿಮೆ ಒಂದು ಕಣ್ಣಿನ ಅಗಲದಷ್ಟಿದ್ದರೆ ಕ್ಯಾಸ್ಟೇನಿಯಮ್, ಸುಮಾರು ಮೂರು ಪಟ್ಟಿದ್ದರೆ ಕನ್‌ಫ್ಯೂಸಮ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ನೆಚ್ಚತಕ್ಕ ಗುರುತು ಇದೇ. ಕ್ಯಾಸ್ಟೇನಿಯಮ್‌ನ ಗಂಡಿನ ಮುಂಗಾಲಿನ ತೊಡೆಯ ಕೆಳಬದಿಯಲ್ಲಿ ನವಿರು ಕೂದಲು ತುಂಬಿದ ಪುಟ್ಟ ಕುಳಿಯೊಂದಿರುತ್ತದೆ, ಕನ್‌ಫ್ಯೂಸಮ್‌ನಲ್ಲಿ ಅದಿಲ್ಲ.

ಬೆಚ್ಚಗಿನ ಸೀಮೆಗಳಲ್ಲಿ ಕ್ಯಾಸ್ಟೇನಿಯಮ್ ಹೆಚ್ಚು, ಅದು ಹಾರಲೂ ಬಲ್ಲದು. ಕನ್‌ಫ್ಯೂಸಮ್ ರೆಕ್ಕೆಯಿದ್ದೂ ಹಾರುವುದಿಲ್ಲ. ಹಾಗೆಂದು ನಮ್ಮ ಅಡುಗೆಮನೆಯಲ್ಲಿ ಸಿಕ್ಕಿದ್ದೆಲ್ಲ ಕ್ಯಾಸ್ಟೇನಿಯಮ್ ಎಂದು ಕಣ್ಣು ನೋಡದೆಯೇ ಬರೆದಿಡುವುದು ತಪ್ಪು. ಸೀಸೆಯ ಚೀಟಿಯಲ್ಲಿ ಊರು, ತಾರೀಖು, ಯಾವ ಹಿಟ್ಟಿನಲ್ಲಿ ಸಿಕ್ಕಿತು ಎಂಬುದನ್ನು ಮೊದಲು ನಮೂದಿಸಿ. ಮೀಸೆಯೂ ಕಣ್ಣೂ ಸ್ಪಷ್ಟವಾಗಿ ಕಾಣದ ಹುಳುವಿಗೆ ಟ್ರೈಬೋಲಿಯಮ್ ಎಂದಷ್ಟೇ ಬರೆದು ನಿಲ್ಲಿಸಿ.